ರೋಹಿತರೇಖೆಯ ಎರಡು ಸಾಕ್ಷ್ಯಗಳು: ಎಳೆಯ ನಕ್ಷತ್ರಗಳ ಸುತ್ತಣ ಅನಿಲಚಲನೆಯ ಅಧ್ಯಯನ ನಡೆದುಬಂದ ದಾರಿ

೧. ಪೀಠಿಕೆ

ಕೃತ್ತಿಕೆ, ರೋಹಿಣಿ, ಮೃಗಶಿರೆ ಎಂಬುವು ಕನ್ನಡ ನಾಡಿನ ಒಕ್ಕಲುತನದ ಬದುಕಿನಲ್ಲಿ ಮೊದಲಿಗೆ ಮಳೆಯ ಹೆಸರುಗಳು. ನಕ್ಷತ್ರಗಳ ಹೆಸರುಗಳೆಂಬುದು ಆಮೇಲಿನ ಮಾತು. ಸೂರ್ಯನು ಮೇ ತಿಂಗಳ ನಡುವಿನಲ್ಲಿ ಕೃತ್ತಿಕೆಯನ್ನೂ, ತಿಂಗಳ ಕೊನೆಯ ಭಾಗದಲ್ಲಿ ರೋಹಿಣಿಯನ್ನೂ, ಜೂನ್ ೭-೮ರ ಸುಮಾರಿಗೆ ಮೃಗಶಿರೆಯನ್ನೂ ಹೊಗುತ್ತಾನೆಂಬ ಲೆಕ್ಕದ ಮೇಲೆ ಉಳುವ, ಬಿತ್ತುವ ಕೆಲಸಗಳು ನಿಗದಿಯಾಗುತ್ತಿದ್ದವು. ಆಧುನಿಕ ಖಗೋಳ ವಿಜ್ಞಾನವು ನಕ್ಷತ್ರಗಳ ಹುಟ್ಟನ್ನು ಕುರಿತ ತನ್ನ ತಿಳಿವಳಿಕೆಯ ಬಹುಭಾಗವನ್ನು ಸಂಪಾದಿಸಿರುವುದು ಆಕಾಶದ ಇದೇ ಭಾಗದಿಂದ ಎಂಬುದು ಗಮನಾರ್ಹ. ಕೃತ್ತಿಕೆಗೂ ರೋಹಿಣಿಗೂ ನಡುವಣ ಪ್ರದೇಶದಲ್ಲಿ ಮತ್ತು ಅದರ ಉತ್ತರಕ್ಕೆ, ವೃಷಭ ರಾಶಿಯಲ್ಲಿ, ಸುಮಾರು ೪೫೦ ಜ್ಯೋತಿರ್ವರ್ಷಗಳ ದೂರದಲ್ಲಿ ಕಪ್ಪು ಮೋಡಗಳ ಒಂದು ದೊಡ್ಡ ಸಮೂಹ ಹರಡಿಕೊಂಡಿದೆ. ರೋಹಿಣಿ ನಕ್ಷತ್ರವು ಈ ಮೋಡಗಳಿಗೆ ಸೇರಿದುದಲ್ಲ. ಅದು ಕೇವಲ ೬೫ ಜ್ಯೋತಿರ್ವರ್ಷಗಳ ಅಳತೆಯಲ್ಲಿ, ಅವುಗಳ ಮುಂದೆ ನಿಂತಿದೆ. ಹಿಂದಿರುವ ಆ ಮೋಡಗಳಲ್ಲಿ ಹತ್ತಾರು ಲಕ್ಷ ವರ್ಷಗಳನ್ನು ಕೂಡ ಕಾಣದ ನಕ್ಷತ್ರಗಳು ಇನ್ನೂ ರೂಪುಗೊಳ್ಳುತ್ತಿವೆ.

ಇಷ್ಟು ದೂರದ ನಕ್ಷತ್ರವೊಂದರ ಸುತ್ತಲಿನ ಅನಿಲವು ಒಳಕ್ಕೆ ಬೀಳುತ್ತಿದೆಯೋ, ಹೊರಕ್ಕೆ ಚಿಮ್ಮುತ್ತಿದೆಯೋ, ಸುತ್ತುತ್ತಿದೆಯೋ ಎಂಬುದನ್ನು ದೂರದರ್ಶಕದ ಚಿತ್ರವೊಂದೇ ಹೇಳಲಾರದು. ಅದನ್ನು ಹೇಳಬಲ್ಲ ಸಾಕ್ಷಿಯೆಂದರೆ ಬೆಳಕಿನ ರೋಹಿತದಲ್ಲಿರುವ ರೇಖೆಗಳು. ಆದರೆ ಈ ಸಾಕ್ಷಿ ನುಡಿದುದನ್ನು ವಿದ್ವಾಂಸರು ಹಲವು ದಶಕಗಳ ಕಾಲ ಎರಡು ಬಗೆಯಾಗಿ ಓದಿದರು. ಒಂದೇ ರೇಖೆಯಿಂದ ಎರಡು ವಿರುದ್ಧ ತೀರ್ಮಾನಗಳು ಹೊರಟ ಸಂದರ್ಭ, ಅವೆರಡೂ ಕೊನೆಗೆ ಒಂದೇ ವಿವರಣೆಯೊಳಗೆ ಕೂಡಿಬಂದ ಬಗೆ, ಇವುಗಳನ್ನು ಚಾರಿತ್ರಿಕ ಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ರೇಖೆಯಿಂದ ವೇಗಕ್ಕೆ

ಸೂರ್ಯನ ರೋಹಿತದಲ್ಲಿ ಕಪ್ಪು ರೇಖೆಗಳಿರುವುದನ್ನು ೧೮೦೨ರಲ್ಲಿ ಇಂಗ್ಲೆಂಡಿನ ವಿಲಿಯಂ ವೊಲಾಸ್ಟನ್ ಗುರುತಿಸಿದನು. ೧೮೧೪ರಲ್ಲಿ ಬವೇರಿಯಾದ ಗಾಜು ತಯಾರಕ ಜೋಸೆಫ್ ಫ್ರಾನ್‌ಹೋಫರ್ ಅವುಗಳನ್ನು ಸ್ವತಂತ್ರವಾಗಿ ಕಂಡು, ಐನೂರಕ್ಕೂ ಹೆಚ್ಚು ರೇಖೆಗಳನ್ನು ಎಣಿಸಿ ನಕ್ಷೆ ಬರೆದನು. ಈ ರೇಖೆಗಳು ಧಾತುಗಳ ಗುರುತುಗಳೆಂಬುದು ಸ್ಪಷ್ಟವಾದದ್ದು ೧೮೫೯ರ ಹೊತ್ತಿಗೆ ಹೈಡೆಲ್‌ಬರ್ಗಿನಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ನಡೆಸಿದ ಪ್ರಯೋಗಗಳಿಂದ. ಬಿಸಿಯಾದ ವಿರಳ ಅನಿಲವು ತನಗೇ ವಿಶಿಷ್ಟವಾದ ತರಂಗದೂರಗಳಲ್ಲಿ ಬೆಳಗುತ್ತದೆ. ಅದೇ ಅನಿಲವು ತನಗಿಂತ ಬಿಸಿಯಾದ ಆಕರವೊಂದರ ಮುಂದೆ ನಿಂತರೆ ಅವೇ ತರಂಗದೂರಗಳಲ್ಲಿ ಬೆಳಕನ್ನು ಹೀರುತ್ತದೆ. ಮೊದಲನೆಯದು ಉತ್ಸರ್ಜನ ರೇಖೆ, ಎರಡನೆಯದು ಹೀರಿಕೆ ರೇಖೆ. ಮುಂದಿನ ಚರ್ಚೆಯೆಲ್ಲ ಈ ಎರಡು ಬಗೆಯ ರೇಖೆಗಳ ವ್ಯತ್ಯಾಸವನ್ನು ಅವಲಂಬಿಸಿದೆ.

೧೮೪೨ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್, ಆಕರವು ಹತ್ತಿರ ಬರುವಾಗ ತರಂಗಗಳು ಒತ್ತಾಗುತ್ತವೆ, ದೂರ ಸರಿಯುವಾಗ ವಿರಳವಾಗುತ್ತವೆ ಎಂಬ ತತ್ವವನ್ನು ಮಂಡಿಸಿದನು. ನಕ್ಷತ್ರಗಳ ಬಣ್ಣಕ್ಕೆ ಇದೇ ಕಾರಣವೆಂದು ಅವನು ಬಗೆದದ್ದು ತಪ್ಪಾಗಿತ್ತು. ಪಲ್ಲಟವನ್ನು ಅಳೆಯಬೇಕಾದದ್ದು ಬಣ್ಣದಲ್ಲಲ್ಲ, ರೇಖೆಯ ಸ್ಥಾನದಲ್ಲಿ ಎಂದು ೧೮೪೮ರಲ್ಲಿ ಫ್ರಾನ್ಸಿನ ಇಪ್ಪೊಲಿತ್ ಫಿಜೋ ತೋರಿಸಿಕೊಟ್ಟನು. ಲೆಕ್ಕ ಸರಳವಾದುದು. ಜಲಜನಕದ ಕೆಂಪು ರೇಖೆ (ಎಚ್-ಆಲ್ಫಾ) ೬೫೬.೩ ನ್ಯಾನೊಮೀಟರಿನಲ್ಲಿದೆ. ಅನಿಲವು ಸೆಕೆಂಡಿಗೆ ೨೦೦ ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬಂದರೆ ಆ ರೇಖೆ ಸುಮಾರು ೦.೪೪ ನ್ಯಾನೊಮೀಟರಿನಷ್ಟು ನೀಲಿಯತ್ತ ಸರಿಯುತ್ತದೆ; ಅದೇ ವೇಗದಲ್ಲಿ ದೂರ ಹೋದರೆ ಅಷ್ಟೇ ಕೆಂಪಿನತ್ತ ಸರಿಯುತ್ತದೆ.

ತತ್ವ ಸರಳವಾದರೂ ಅಳತೆ ಸುಲಭವಾಗಿರಲಿಲ್ಲ. ೧೮೬೮ರಲ್ಲಿ ಲಂಡನ್ನಿನ ವಿಲಿಯಂ ಹಗ್ಗಿನ್ಸ್ ಕಣ್ಣಳತೆಯಿಂದಲೇ ಲುಬ್ಧಕ ನಕ್ಷತ್ರದ ವೇಗವನ್ನು ಅಳೆದು, ಅದು ನಮ್ಮಿಂದ ದೂರ ಸರಿಯುತ್ತಿದೆಯೆಂದು ಪ್ರಕಟಿಸಿದನು. ವಾಸ್ತವವಾಗಿ ಅದು ಸೆಕೆಂಡಿಗೆ ಐದೂವರೆ ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ. ದಿಕ್ಕೇ ತಪ್ಪಾಗಿದ್ದರೂ ಆ ಪ್ರಯತ್ನ ವ್ಯರ್ಥವಾಗಲಿಲ್ಲ. ೧೮೮೮ರಿಂದ ಪಾಟ್ಸ್‌ಡ್ಯಾಮಿನಲ್ಲಿ ಹರ್ಮನ್ ಫೋಗಲ್ ರೋಹಿತಗಳನ್ನು ಛಾಯಾಚಿತ್ರದ ಗಾಜಿನ ಫಲಕಗಳ ಮೇಲೆ ದಾಖಲಿಸಿ, ಕೆಲವೇ ಕಿಲೋಮೀಟರುಗಳ ನಿಖರತೆಯನ್ನು ಸಾಧಿಸಿದನು. ಅಲ್ಲಿಂದ ಮುಂದೆ ಓದುವವನ ಕಣ್ಣಿಗೂ ಆಕಾಶಕ್ಕೂ ನಡುವೆ ಮತ್ತೆ ಮತ್ತೆ ಪರೀಕ್ಷಿಸಬಹುದಾದ ಒಂದು ದಾಖಲೆ ಏರ್ಪಟ್ಟಿತು.

೩. ಹಿಂಡ್‌ನ ನೀಹಾರಿಕೆ ಮತ್ತು ಜಾಯ್‌ನ ಪಟ್ಟಿ

೧೮೫೨ರ ಅಕ್ಟೋಬರ್ ೧೧ರಂದು ಲಂಡನ್ನಿನ ಒಂದು ಖಾಸಗಿ ವೀಕ್ಷಣಾಲಯದಲ್ಲಿ ಜಾನ್ ರಸೆಲ್ ಹಿಂಡ್, ರೋಹಿಣಿಗೆ ಅನತಿದೂರದಲ್ಲಿ ಒಂದು ಚಿಕ್ಕ ನೀಹಾರಿಕೆಯನ್ನೂ ಅದರ ಪಕ್ಕದಲ್ಲಿ ನಕ್ಷೆಗಳಲ್ಲಿಲ್ಲದ ಒಂದು ನಕ್ಷತ್ರವನ್ನೂ ಕಂಡನು. ಆ ನಕ್ಷತ್ರದ ಬೆಳಕು ಒಂದೇ ಸಮನಾಗಿರಲಿಲ್ಲ. ನೀಹಾರಿಕೆಯೂ ಕ್ರಮೇಣ ಮಸುಕಾಗಿ ೧೮೬೮ರ ಹೊತ್ತಿಗೆ ಕಾಣದಾಯಿತು. ೧೮೯೦ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ದೊಡ್ಡ ದೂರದರ್ಶಕದಿಂದ ಬರ್ನ್‌ಹ್ಯಾಮ್ ಮತ್ತು ಬರ್ನಾರ್ಡ್ ಅದನ್ನು ಮತ್ತೆ ಪತ್ತೆಹಚ್ಚಿದರು. ಆ ನಕ್ಷತ್ರವೇ ‘ಟಿ ಟೌರಿ’. ಸುಮಾರು ಒಂದು ಶತಮಾನದವರೆಗೆ ಅದು ಒಂದು ವಿಚಿತ್ರವಾಗಿಯೇ ಉಳಿಯಿತು.

ಅದಕ್ಕೆ ಒಂದು ಬಳಗವನ್ನು ಕೊಟ್ಟವನು ಮೌಂಟ್ ವಿಲ್ಸನ್ ವೀಕ್ಷಣಾಲಯದ ಆಲ್ಫ್ರೆಡ್ ಜಾಯ್. ೧೯೪೫ರಲ್ಲಿ ಪ್ರಕಟವಾದ ಅವನ ಲೇಖನವು ಹನ್ನೊಂದು ಚರನಕ್ಷತ್ರಗಳನ್ನು ‘ಟಿ ಟೌರಿ’ ವರ್ಗವೆಂದು ಗುರುತಿಸಿತು. ಅನಿಯತವಾಗಿ ಏರಿಳಿಯುವ ಬೆಳಕು, ಮಂದವಾದ ಕಾಂತಿ, ಕಪ್ಪು ಅಥವಾ ಬೆಳಗುವ ಮೋಡಗಳ ಸಾಮೀಪ್ಯ, ಜಲಜನಕ ಮತ್ತು ಕ್ಯಾಲ್ಸಿಯಂಗಳ ಪ್ರಬಲ ಉತ್ಸರ್ಜನ ರೇಖೆಗಳು ಅವುಗಳ ಸಮಾನ ಲಕ್ಷಣಗಳಾಗಿದ್ದವು. ಅವು ಎಳೆಯ ನಕ್ಷತ್ರಗಳೆಂದು ಜಾಯ್ ಹೇಳಿರಲಿಲ್ಲ. ಮೋಡದ ಮೂಲಕ ಹಾದುಹೋಗುತ್ತಿರುವ ಸಾಮಾನ್ಯ ನಕ್ಷತ್ರಗಳು ಅಲ್ಲಿನ ಅನಿಲವನ್ನು ಮೈಗೆ ಮೆತ್ತಿಕೊಂಡು ಹೀಗೆ ತೋರುತ್ತಿವೆಯೆಂಬ ಅಭಿಪ್ರಾಯಕ್ಕೂ ಆಗ ಮನ್ನಣೆಯಿತ್ತು. ಇದಕ್ಕೆ ಎದುರಾಗಿ ೧೯೪೭ರಿಂದ ಅರ್ಮೇನಿಯಾದ ವಿಕ್ಟರ್ ಅಂಬರ್ತ್ಸುಮಿಯಾನ್, ಇಂಥ ನಕ್ಷತ್ರಗಳ ಸಡಿಲ ಗುಂಪುಗಳು ಬಹುಕಾಲ ಒಟ್ಟಿಗಿರಲಾರವು, ಆದುದರಿಂದ ಅವು ಈಚೆಗೆ, ಇದ್ದಲ್ಲಿಯೇ ಹುಟ್ಟಿರಬೇಕು ಎಂದು ವಾದಿಸಿದನು. ೧೯೬೦ರಲ್ಲಿ ಬಾನ್ಸಾಕ್ ಮತ್ತು ಗ್ರೀನ್‌ಸ್ಟೈನ್ ಇವುಗಳಲ್ಲಿ ಲಿಥಿಯಂ ಹೇರಳವಾಗಿರುವುದನ್ನು ೬೭೦.೮ ನ್ಯಾನೊಮೀಟರಿನ ರೇಖೆಯಿಂದ ದೃಢಪಡಿಸಿದರು. ಸೂರ್ಯನಂಥ ನಕ್ಷತ್ರಗಳಲ್ಲಿ ಲಿಥಿಯಂ ಕಾಲಕ್ರಮದಲ್ಲಿ ಉರಿದು ಹೋಗುವುದರಿಂದ ಇದು ಎಳೆತನಕ್ಕೆ ಬಲವಾದ ಆಧಾರವಾಯಿತು.

೪. ಗಾಳಿಯೆಂದವರು, ಬೀಳೆಂದವರು

ನಕ್ಷತ್ರಗಳು ಎಳೆಯವೆಂದು ಒಪ್ಪಿದ ಮೇಲೆ ಮುಂದಿನ ಪ್ರಶ್ನೆ ಸಹಜವಾಗಿ ಎದ್ದಿತು. ಸುತ್ತಲಿನ ಅನಿಲದಿಂದ ಅವು ಬೆಳೆಯುತ್ತಿವೆಯೇ, ಅಥವಾ ತಮ್ಮ ಅನಿಲವನ್ನು ಹೊರಚೆಲ್ಲುತ್ತಿವೆಯೇ? ಇದಕ್ಕೆ ಉತ್ತರ ರೇಖೆಯ ಆಕಾರದಲ್ಲಿತ್ತು.

ರಾಜಹಂಸ ನಕ್ಷತ್ರಪುಂಜದ ‘ಪಿ ಸಿಗ್ನಿ’ ಎಂಬ ನಕ್ಷತ್ರದಲ್ಲಿ ಅಗಲವಾದ ಉತ್ಸರ್ಜನ ರೇಖೆಯ ನೀಲಿ ಬದಿಗೆ ಒಂದು ಹೀರಿಕೆಯ ಕುಳಿ ಕಾಣಿಸುತ್ತದೆ. ಕೆನಡಾದ ಸಿ. ಎಸ್. ಬೀಲ್ಸ್ ೧೯೨೯ರಿಂದ ಈಚಿನ ತನ್ನ ಬರಹಗಳಲ್ಲಿ ಇಂಥ ಆಕಾರವನ್ನು ಹೊರಚಿಮ್ಮುವ ಅನಿಲದ ಗುರುತೆಂದು ವಿವರಿಸಿದನು. ನಕ್ಷತ್ರಕ್ಕೂ ನಮಗೂ ನಡುವಿರುವ ಅನಿಲವು ನಮ್ಮತ್ತ ಬರುತ್ತಿರುವುದರಿಂದ ಅದು ಹೀರುವ ಬೆಳಕು ನೀಲಿಯತ್ತ ಸರಿದಿರುತ್ತದೆ. ೧೯೬೪ರಲ್ಲಿ ಲಿಯೊನಾರ್ಡ್ ಕೂಹಿ ಟಿ ಟೌರಿ ನಕ್ಷತ್ರಗಳಲ್ಲಿ ಇದೇ ಗುರುತನ್ನು ಅಳೆದು, ಅವು ಪ್ರಬಲವಾದ ಗಾಳಿಯಾಗಿ ದ್ರವ್ಯವನ್ನು ಕಳೆದುಕೊಳ್ಳುತ್ತಿವೆಯೆಂದು ತೀರ್ಮಾನಿಸಿದನು. ಈ ವರ್ಗದ ಅಧ್ಯಯನದಲ್ಲಿ ಅಗ್ರಗಣ್ಯನಾಗಿದ್ದ ಜಾರ್ಜ್ ಹರ್ಬಿಗ್‌ನ ಬರಹಗಳೂ ಈ ಚಿತ್ರಕ್ಕೆ ಹೊಂದುವಂತಿದ್ದವು.

ಆದರೆ ಲಿಕ್ ವೀಕ್ಷಣಾಲಯದ ಮರ್ಲ್ ವಾಕರ್ ಕೆಲವು ಎಳೆಯ ನಕ್ಷತ್ರಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಆಕಾರವನ್ನು ಕಂಡಿದ್ದನು. ಅಲ್ಲಿ ಹೀರಿಕೆಯ ಕುಳಿ ರೇಖೆಯ ಕೆಂಪು ಬದಿಗಿತ್ತು. ನಕ್ಷತ್ರದ ಮುಂದಿರುವ ಅನಿಲವು ನಮ್ಮಿಂದ ದೂರ ಸರಿಯುತ್ತಿದೆಯೆಂದರೆ ಅದು ನಕ್ಷತ್ರದತ್ತ ಹೋಗುತ್ತಿದೆ, ಅಂದರೆ ಬೀಳುತ್ತಿದೆ ಎಂದೇ ಅರ್ಥ. ೧೯೭೨ರಲ್ಲಿ ಅವನು ಈ ಗುಂಪನ್ನು ‘ವೈವೈ ಒರಾಯನಿಸ್’ ನಕ್ಷತ್ರಗಳೆಂದು ವಿವರಿಸಿದನು. ೧೯೭೬ರಲ್ಲಿ ರೋಜರ್ ಉಲ್‌ರಿಚ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಾಳಿಯ ಆಧಾರಗಳೆಂದು ಬಗೆದಿದ್ದ ಉತ್ಸರ್ಜನ ರೇಖೆಗಳ ಆಕಾರಗಳನ್ನು ಒಳಬೀಳುವ ಅನಿಲದಿಂದಲೂ ವಿವರಿಸಬಹುದೆಂದು ಪ್ರತಿಪಾದಿಸಿದನು. ಹೀಗೆ ಒಂದೇ ವರ್ಗದ ನಕ್ಷತ್ರಗಳಿಗೆ, ಒಂದೇ ಜಲಜನಕದ ರೇಖೆಯನ್ನು ಆಧರಿಸಿ, ಪರಸ್ಪರ ಹೊಂದದ ಎರಡು ಕಥನಗಳು ಸಿದ್ಧವಾದವು. ‘ಎಸ್ ಕರೋನೆ ಆಸ್ಟ್ರಾಲಿಸ್’ನಂಥ ನಕ್ಷತ್ರವು ಕೆಲವು ರಾತ್ರಿಗಳ ಅಂತರದಲ್ಲಿಯೇ ತನ್ನ ರೇಖೆಗಳ ಆಕಾರವನ್ನು ಬದಲಿಸುತ್ತಿದ್ದುದು ತೊಡಕನ್ನು ಹೆಚ್ಚಿಸಿತು.

ಈ ಭಿನ್ನಾಭಿಪ್ರಾಯದ ಮೂಲದಲ್ಲಿ ಒಂದು ವಿಧಾನದ ಪ್ರಶ್ನೆಯಿದೆ. ಹೀರಿಕೆ ರೇಖೆಯು ಅನಿಲ ಎಲ್ಲಿದೆಯೆಂಬುದನ್ನು ಖಚಿತಪಡಿಸುತ್ತದೆ. ಅದು ನಕ್ಷತ್ರದ ಮುಂದೆಯೇ ಇರಬೇಕು. ಉತ್ಸರ್ಜನ ರೇಖೆಗೆ ಆ ಕಟ್ಟುಪಾಡಿಲ್ಲ. ನಕ್ಷತ್ರದ ಮುಂದಿರುವ, ಹಿಂದಿರುವ, ಬದಿಗಳಲ್ಲಿರುವ ಅನಿಲವೆಲ್ಲ ಅದರಲ್ಲಿ ಒಂದಾಗಿ ಬೆರೆತಿರುತ್ತದೆ. ನೀಲಿಯತ್ತ ಸರಿದ ಉತ್ಸರ್ಜನವು ಮುಂದಿನಿಂದ ಹೊರಬರುವ ಅನಿಲದ್ದಾಗಿರಬಹುದು, ಹಿಂಬದಿಯಿಂದ ನಕ್ಷತ್ರದತ್ತ ಬೀಳುವ ಅನಿಲದ್ದೂ ಆಗಿರಬಹುದು. ಸ್ಥಳ ತಿಳಿಯದೆ ವೇಗವೊಂದನ್ನೇ ತಿಳಿದರೆ ಅರ್ಥ ನಿಶ್ಚಯವಾಗದು. ಮೌಖಿಕ ಕಾವ್ಯದ ಪಾಠವೊಂದನ್ನು ಹಾಡಿದವರಾರು, ಎಲ್ಲಿ ಎಂಬುದನ್ನು ಬಿಟ್ಟು ಓದಿದಾಗ ಉಂಟಾಗುವ ಗೊಂದಲವೂ ಇದೇ ಬಗೆಯದು.

೫. ತಟ್ಟೆಯ ಮರೆ

ಸ್ಥಳದ ಪ್ರಶ್ನೆಗೆ ಉತ್ತರ ಬಂದದ್ದು ಬೇರೆ ಬೇರೆ ರೇಖೆಗಳಿಂದ. ಕಪ್ಪು ಮೋಡಗಳಲ್ಲಿ ಹೇರಳವಾಗಿರುವ ಕಾರ್ಬನ್ ಮಾನಾಕ್ಸೈಡಿನ ರೇಡಿಯೊ ರೇಖೆಯನ್ನು ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್ ೧೯೭೦ರಲ್ಲಿ ಒರಾಯನ್ ನೀಹಾರಿಕೆಯ ದಿಕ್ಕಿನಲ್ಲಿ ಪತ್ತೆಮಾಡಿದರು. ಈ ರೇಖೆಯ ಆವೃತ್ತಿ ಸುಮಾರು ೧೧೫ ಗಿಗಾಹರ್ಟ್ಸ್. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಅದು ೦.೩೮ ಮೆಗಾಹರ್ಟ್ಸ್‌ನಷ್ಟು ಸರಿಯುತ್ತದೆ. ಧೂಳು ಈ ತರಂಗಗಳನ್ನು ತಡೆಯದು. ೧೯೮೦ರಲ್ಲಿ ಸ್ನೆಲ್, ಲೋರೆನ್ ಮತ್ತು ಪ್ಲ್ಯಾಂಬೆಕ್ ವೃಷಭ ರಾಶಿಯ ‘ಎಲ್ ೧೫೫೧’ ಎಂಬ ಮೋಡವನ್ನು ಪರಿಶೀಲಿಸಿ, ಅದರೊಳಗೆ ಅಡಗಿದ ಎಳೆಯ ನಕ್ಷತ್ರವೊಂದರ ಒಂದು ಬದಿಗೆ ನಮ್ಮತ್ತ ಬರುವ ಅನಿಲವೂ ಎದುರು ಬದಿಗೆ ದೂರ ಸರಿಯುವ ಅನಿಲವೂ ಇರುವುದನ್ನು ತೋರಿಸಿದರು. ಅದರ ಹಿಂದಿನ ವರ್ಷವೇ ಕಡ್‌ವರ್ತ್ ಮತ್ತು ಹರ್ಬಿಗ್, ಅಲ್ಲಿನ ಎರಡು ಬೆಳಗುವ ಗಂಟುಗಳು ಅದೇ ನಕ್ಷತ್ರದ ಕಡೆಯಿಂದ ಹೊರಟು ಬರುತ್ತಿರುವುದನ್ನು ಹಳೆಯ ಛಾಯಾಫಲಕಗಳ ಹೋಲಿಕೆಯಿಂದ ಕಂಡುಕೊಂಡಿದ್ದರು. ಹೊರಹರಿವು ಎಲ್ಲ ದಿಕ್ಕಿಗೂ ಚೆದುರುವ ಗಾಳಿಯಾಗಿರದೆ ಎರಡು ಎದುರುಬದುರು ಧಾರೆಗಳಾಗಿತ್ತು.

ಇನ್ನೊಂದು ಸುಳಿವು ಆಮ್ಲಜನಕ ಮತ್ತು ಗಂಧಕಗಳ ‘ನಿಷಿದ್ಧ’ ರೇಖೆಗಳಿಂದ ದೊರೆಯಿತು. ಬಹು ವಿರಳವಾದ ಅನಿಲದಲ್ಲಿ ಮಾತ್ರ ಹೊಮ್ಮುವ ಈ ರೇಖೆಗಳು ನಕ್ಷತ್ರದಿಂದ ದೂರದಲ್ಲಿರುವ ಹೊರಹರಿವನ್ನು ಸೂಚಿಸುತ್ತವೆ. ಎರಡೂ ಕಡೆಗೆ ಹರಿಯುವ ಅನಿಲದಲ್ಲಿ ನೀಲಿ ಮತ್ತು ಕೆಂಪು ಬದಿಗಳು ಸಮನಾಗಿರಬೇಕಾಗಿತ್ತು. ಕಂಡದ್ದು ಬಹುಮಟ್ಟಿಗೆ ನೀಲಿ ಬದಿ ಮಾತ್ರ. ೧೯೮೪ರಲ್ಲಿ ಜರ್ಮನಿಯ ಇಮೊ ಅಪೆನ್‌ಝೆಲರ್ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ವಿವರಣೆ ನೇರವಾಗಿತ್ತು: ದೂರ ಸರಿಯುವ ಅರ್ಧವನ್ನು ಏನೋ ಒಂದು ಮರೆಮಾಡಿದೆ, ಆ ಮರೆಯೇ ನಕ್ಷತ್ರವನ್ನು ಸುತ್ತುವರಿದ ಧೂಳಿನ ತಟ್ಟೆ. ತಟ್ಟೆಯ ಚಿತ್ರವನ್ನು ಯಾರೂ ನೇರವಾಗಿ ತೆಗೆಯುವ ಮೊದಲೇ, ಕಾಣಬೇಕಾಗಿದ್ದ ಅರ್ಧ ರೇಖೆ ಕಾಣದೆ ಹೋದುದರಿಂದಲೇ ತಟ್ಟೆಯ ಇರವು ಸೂಚಿತವಾಯಿತು. ಸೂರ್ಯನಷ್ಟು ದ್ರವ್ಯರಾಶಿಯ ನಕ್ಷತ್ರದ ಸುತ್ತ, ಭೂಮಿಯಷ್ಟು ದೂರದಲ್ಲಿ ಅನಿಲದ ಪರಿಭ್ರಮಣ ವೇಗ ಸೆಕೆಂಡಿಗೆ ೩೦ ಕಿಲೋಮೀಟರ್. ಅದರ ನೂರು ಪಟ್ಟು ದೂರದಲ್ಲಿ ೩ ಕಿಲೋಮೀಟರ್. ‘ಜಿಎಂ ಔರಿಗೆ’ ಮೊದಲಾದ ನಕ್ಷತ್ರಗಳ ಸುತ್ತ ಈ ನಿಯಮಕ್ಕೆ ಒಪ್ಪುವ ಪರಿಭ್ರಮಣವು ೧೯೯೦ರ ದಶಕದಲ್ಲಿ ರೇಡಿಯೊ ರೇಖೆಗಳಿಂದ ಸಿದ್ಧವಾಯಿತು.

೬. ಎರಡು ಕಥನಗಳ ಕೂಡುವಿಕೆ

ತಟ್ಟೆಯಿಂದ ನಕ್ಷತ್ರಕ್ಕೆ ಅನಿಲ ಸೇರುವ ಬಗೆ ಮಾತ್ರ ಉಳಿದಿತ್ತು. ೧೯೯೧ರಲ್ಲಿ ಏರೀ ಕೋನಿಗ್ಲ್, ಎಳೆಯ ನಕ್ಷತ್ರದ ಬಲವಾದ ಕಾಂತಕ್ಷೇತ್ರವು ತಟ್ಟೆಯ ಒಳ ಅಂಚನ್ನು ನಕ್ಷತ್ರದಿಂದ ದೂರದಲ್ಲಿಯೇ ತಡೆಯುತ್ತದೆ, ಅಲ್ಲಿಂದ ಅನಿಲವು ಕಾಂತರೇಖೆಗಳ ಗುಂಟ ಧುಮುಕುತ್ತದೆ ಎಂಬ ಚಿತ್ರವನ್ನು ಮಂಡಿಸಿದನು. ೧೯೯೪ರಲ್ಲಿ ಹಾರ್ಟ್‌ಮನ್, ಹ್ಯೂವಿಟ್ ಮತ್ತು ಕಾಲ್ವೆಟ್ ಇದನ್ನು ಆಧರಿಸಿ ರೇಖೆಗಳ ಆಕಾರವನ್ನು ಲೆಕ್ಕಹಾಕಿದಾಗ, ಸೆಕೆಂಡಿಗೆ ೨೦೦ರಿಂದ ೩೦೦ ಕಿಲೋಮೀಟರ್ ವೇಗದ ಬೀಳುವಿಕೆಯು ಕಂಡ ಆಕಾರಗಳನ್ನು ಬಹಳಷ್ಟು ಹೋಲುವ ರೇಖೆಗಳನ್ನು ಕೊಟ್ಟಿತು. ೧೯೯೯ರಲ್ಲಿ ‘ಬಿಪಿ ಟೌರಿ’ಯ ರೇಖೆಗಳು ಕಾಂತಕ್ಷೇತ್ರದಿಂದ ಅಗಲವಾಗಿರುವುದನ್ನು ಅಳೆದು, ಅದರ ಕ್ಷೇತ್ರ ಸುಮಾರು ೨,೬೦೦ ಗಾಸ್ ಎಂದು ತಿಳಿಯಲಾಯಿತು. ಇದು ಭೂಮಿಯ ಕಾಂತಕ್ಷೇತ್ರದ ಸುಮಾರು ಐದು ಸಾವಿರ ಪಟ್ಟು.

ಹಳೆಯ ವಿವಾದದ ದೃಷ್ಟಿಯಿಂದ ೧೯೯೫ರಲ್ಲಿ ಪ್ರಕಟವಾದ ಕ್ರಿಸ್ಟೋಫರ್ ಜಾನ್ಸ್ ಮತ್ತು ಗಿಬೋರ್ ಬಾಸ್ರಿ ಅವರ ಲೇಖನ ಬಹುಮುಖ್ಯವಾದುದು. ಅವರು ‘ಎಸ್‌ಯು ಔರಿಗೆ’ ಎಂಬ ಒಂದೇ ನಕ್ಷತ್ರದ ರೋಹಿತಗಳನ್ನು ಮತ್ತೆ ಮತ್ತೆ ದಾಖಲಿಸಿದರು. ಸುಮಾರು ಮೂರು ದಿನಗಳಿಗೊಮ್ಮೆ ಹೀರಿಕೆಯ ಕುಳಿ ನೀಲಿ ಬದಿಯಲ್ಲಿ ಆಳವಾಗುತ್ತಿತ್ತು. ಅರ್ಧ ಸುತ್ತಿನ ತರುವಾಯ ಕೆಂಪು ಬದಿಯಲ್ಲಿ ಆಳವಾಗುತ್ತಿತ್ತು. ಕಾಂತಕ್ಷೇತ್ರದ ಅಕ್ಷವು ನಕ್ಷತ್ರದ ಅಕ್ಷಕ್ಕೆ ವಾಲಿಕೊಂಡಿರುವುದರಿಂದ ಒಂದು ಮಗ್ಗುಲಿನಲ್ಲಿ ಗಾಳಿ, ಇನ್ನೊಂದು ಮಗ್ಗುಲಿನಲ್ಲಿ ಬೀಳು ಮೇಲುಗೈಯಾಗಿದ್ದು, ನಕ್ಷತ್ರವು ತಿರುಗಿದಂತೆ ಅವೆರಡೂ ಸರದಿಯಲ್ಲಿ ನಮ್ಮ ಎದುರಿಗೆ ಬರುತ್ತವೆಯೆಂದು ಅವರು ವಿವರಿಸಿದರು. ಕೂಹಿ ಓದಿದುದೂ ವಾಕರ್ ಓದಿದುದೂ ಒಂದೇ ವ್ಯವಸ್ಥೆಯ ಎರಡು ಮಗ್ಗುಲುಗಳಾಗಿದ್ದವು. ಅದೇ ವರ್ಷ ಹಾರ್ಟಿಗನ್, ಎಡ್ವರ್ಡ್ಸ್ ಮತ್ತು ಗಂದೂರ್ ಇವುಗಳ ಪ್ರಮಾಣವನ್ನು ಹೋಲಿಸಿದರು. ಸಾಮಾನ್ಯವಾಗಿ ಇಂಥ ನಕ್ಷತ್ರವು ವರ್ಷಕ್ಕೆ ಸೂರ್ಯನ ದ್ರವ್ಯರಾಶಿಯ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಅನಿಲವನ್ನು ಪಡೆಯುತ್ತದೆ. ಅದರ ಹತ್ತನೆಯ ಒಂದು ಭಾಗದ ಆಸುಪಾಸಿನಷ್ಟು ಹೊರಕ್ಕೆ ಹೋಗುತ್ತದೆ. ಹೊರಹೋಗುವ ಅನಿಲವು ಪರಿಭ್ರಮಣದ ಸಂವೇಗವನ್ನು ಒಯ್ಯುವುದರಿಂದಲೇ ಉಳಿದ ಅನಿಲ ಒಳಬೀಳಲು ಸಾಧ್ಯವಾಗುತ್ತದೆಂಬ ಅಭಿಪ್ರಾಯ ಇಂದು ಬಲವಾಗಿದೆ. ಆದರೆ ಆ ಗಾಳಿ ತಟ್ಟೆಯ ಒಳ ಅಂಚಿನಿಂದ ಏಳುತ್ತದೆಯೋ, ತಟ್ಟೆಯ ವಿಶಾಲ ಮೈಯಿಂದ ಏಳುತ್ತದೆಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

೭. ಭಾರತದ ಕೊಡುಗೆ

ರೇಖೆಗಳಿಂದ ಅನಿಲದ ಹರಿವನ್ನು ಓದುವ ಕೆಲಸಕ್ಕೆ ಭಾರತದಲ್ಲಿ ಶತಮಾನಕ್ಕೂ ಮೀರಿದ ಪರಂಪರೆಯಿದೆ. ೧೯೦೯ರ ಜನವರಿಯಲ್ಲಿ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್, ಸೌರಕಲೆಗಳಲ್ಲಿ ಅನಿಲವು ನಡುವಿನಿಂದ ಹೊರಕ್ಕೆ ಹರಿಯುವುದನ್ನು ರೇಖೆಗಳ ಪಲ್ಲಟದಿಂದ ಕಂಡುಹಿಡಿದನು. ಅದು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆ ವೀಕ್ಷಣಾಲಯದ ಉತ್ತರಾಧಿಕಾರಿಯಾದ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಬೆಂಗಳೂರಿನ ಕೋರಮಂಗಲದಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ ಸ್ಥಾಪಿತವಾಗಿ ೨೦೦೦ದಲ್ಲಿ ಮೊದಲ ಬೆಳಕು ಕಂಡ ಎರಡು ಮೀಟರ್ ವ್ಯಾಸದ ಹಿಮಾಲಯ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಆವರಣದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ.

೨೦೦೪ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಹವ್ಯಾಸಿ ವೀಕ್ಷಕ ಜೇ ಮೆಕ್‌ನೀಲ್, ಮೂರು ಅಂಗುಲದ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ ಒರಾಯನ್ ಪುಂಜದ ಹೊಸ ನೀಹಾರಿಕೆಯೊಂದನ್ನು ಗುರುತಿಸಿದನು. ‘ವಿ೧೬೪೭ ಒರಾಯನಿಸ್’ ಎಂಬ ಎಳೆಯ ನಕ್ಷತ್ರವು ಹಠಾತ್ತಾಗಿ ಹೆಚ್ಚು ಅನಿಲವನ್ನು ನುಂಗಿ ಬೆಳಗಿದುದೇ ಅದರ ಕಾರಣ. ಅದರ ಎಚ್-ಆಲ್ಫಾ ರೇಖೆಯ ನೀಲಿ ಬದಿಯ ಕುಳಿಯು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದ ಗಾಳಿಯನ್ನು ತೋರಿಸಿತು. ನುಂಗುವಿಕೆ ಹೆಚ್ಚಿದಾಗ ಗಾಳಿಯೂ ಹೆಚ್ಚುತ್ತದೆಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನವಾಯಿತು. ೨೦೦೬ರ ಹೊತ್ತಿಗೆ ಮಸುಕಾದ ಈ ನಕ್ಷತ್ರ ೨೦೦೮ರಲ್ಲಿ ಮತ್ತೆ ಬೆಳಗಿತು. ಎರಡೂ ಸಂದರ್ಭಗಳಲ್ಲಿ ಭಾರತೀಯ ಸಂಶೋಧಕರು ಹಾನ್ಲೆಯ ದೂರದರ್ಶಕದಿಂದ ಅದನ್ನು ಬೆನ್ನುಹತ್ತಿ ದಾಖಲಿಸಿದ್ದಾರೆ. ಹಿಂಡ್‌ನ ನೀಹಾರಿಕೆ ಮರೆಯಾದಾಗ ದೊರಕದಿದ್ದ ದಾಖಲೆ, ನೂರೈವತ್ತು ವರ್ಷಗಳ ತರುವಾಯ ಇಂಥದೇ ಇನ್ನೊಂದು ನೀಹಾರಿಕೆಗೆ ಹೀಗೆ ದೊರಕಿತು.

೮. ಸಮಾರೋಪ

ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಸುಮಾರು ೫,೦೦೦ ಮೀಟರ್ ಎತ್ತರದಲ್ಲಿರುವ ೬೬ ಆಂಟೆನಾಗಳ ‘ಅಲ್ಮಾ’ ಸ್ಥಾವರವು ೨೦೧೩ರಲ್ಲಿ ಉದ್ಘಾಟನೆಗೊಂಡ ಮೇಲೆ ಈ ವಿದ್ಯೆ ಹೊಸ ಘಟ್ಟವನ್ನು ಮುಟ್ಟಿದೆ. ೨೦೧೪ರಲ್ಲಿ ಅದು ಕೊಟ್ಟ ‘ಎಚ್‌ಎಲ್ ಟೌರಿ’ಯ ಚಿತ್ರದಲ್ಲಿ ತಟ್ಟೆಯ ಉಂಗುರಗಳೂ ಅವುಗಳ ನಡುವಣ ತೆರಪುಗಳೂ ಕಂಡವು. ಆ ತೆರಪುಗಳು ಗ್ರಹಗಳಿಂದಲೇ ಆದುವೆಂದು ಚಿತ್ರವೊಂದರಿಂದಲೇ ಹೇಳುವುದು ಸಾಧ್ಯವಿರಲಿಲ್ಲ. ೨೦೧೮ರಲ್ಲಿ ಟೀಗ್ ಮತ್ತು ಪಿಂಟ್ ಅವರ ನೇತೃತ್ವದ ಎರಡು ತಂಡಗಳು ಸುಮಾರು ೩೩೦ ಜ್ಯೋತಿರ್ವರ್ಷ ದೂರದ ‘ಎಚ್‌ಡಿ ೧೬೩೨೯೬’ ನಕ್ಷತ್ರದ ತಟ್ಟೆಯಲ್ಲಿ ಕಾರ್ಬನ್ ಮಾನಾಕ್ಸೈಡಿನ ವೇಗವು ನಿಯಮಿತ ಪರಿಭ್ರಮಣದಿಂದ ತುಸು ತಪ್ಪಿರುವುದನ್ನು ಅಳೆದು, ಅದು ಕಾಣದ ಗ್ರಹಗಳ ಪ್ರಭಾವವೆಂದು ವಾದಿಸಿದವು. ಇದೇ ವಿಧಾನದಿಂದ ಹದಿನೈದು ತಟ್ಟೆಗಳನ್ನು ಪರಿಶೀಲಿಸಿದ ಯೋಜನೆಯೊಂದರ ಫಲಿತಾಂಶಗಳು ೨೦೨೫ರಲ್ಲಿ ಪ್ರಕಟವಾಗಿವೆ.

ಒಟ್ಟಿನಲ್ಲಿ, ಫ್ರಾನ್‌ಹೋಫರ್‌ನ ನಕ್ಷೆಯಿಂದ ಅಲ್ಮಾದವರೆಗಿನ ಈ ಎರಡು ಶತಮಾನಗಳ ಚರಿತ್ರೆಯಲ್ಲಿ ಉಪಕರಣಗಳ ಸುಧಾರಣೆಯಷ್ಟೇ ಓದುವ ಶಿಸ್ತಿನ ಬೆಳವಣಿಗೆಯೂ ಮುಖ್ಯವಾಗಿದೆ. ಹಗ್ಗಿನ್ಸ್ ದಿಕ್ಕನ್ನು ತಪ್ಪಾಗಿ ಓದಿದನು. ಕೂಹಿ ಮತ್ತು ವಾಕರ್ ಇಬ್ಬರೂ ಸರಿಯಾಗಿ ಓದಿದರು, ಆದರೆ ತಮಗೆ ದೊರೆತ ರಾತ್ರಿಗಳ ಮಿತಿಯೊಳಗೆ. ಒಂದು ನಕ್ಷತ್ರವನ್ನು ಒಮ್ಮೆ ನೋಡಿ ಬಿಡದೆ ಅದರ ಪೂರ್ಣ ಸುತ್ತಿನುದ್ದಕ್ಕೂ ಕಾದು ಕುಳಿತವರಿಗೆ ಮಾತ್ರ ಎರಡೂ ಸಾಕ್ಷ್ಯಗಳು ಒಟ್ಟಿಗೆ ದೊರೆತವು. ನಮ್ಮ ಸೂರ್ಯನೂ ೪೫೦ ಕೋಟಿ ವರ್ಷಗಳ ಹಿಂದೆ ಇಂಥದೇ ಸ್ಥಿತಿಯನ್ನು ದಾಟಿ ಬಂದಿರಬೇಕೆಂಬುದು ಇಂದಿನ ತಿಳಿವಳಿಕೆ. ಆ ತಟ್ಟೆಯಲ್ಲಿ ಉಳಿದುಕೊಂಡ ಅನಿಲ ಮತ್ತು ಧೂಳಿನಿಂದಲೇ ಭೂಮಿಯೂ ರೂಪುಗೊಂಡಿತು. ರೋಹಿಣಿಯ ಹಿಂದಿನ ಮೋಡದಲ್ಲಿ ವಿದ್ವಾಂಸರು ಓದುತ್ತಿರುವುದು ಆ ಆರಂಭಕಾಲದ ಚರಿತ್ರೆಯನ್ನೇ.